ಕೌದಿ ಮೊದಲು, ಕಂಪ್ಯೂಟರ್ ಆಮೇಲೆ

ಹೋದ ಸಂಚಿಕೆಯಲ್ಲಿ "ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ" ಎಂದು ಒಂದು ಸಾಲು ಬರೆದಿದ್ದೆ. ಬಂದ ಪತ್ರ ನೋಡಿ ಗಾಬರಿ ಆಯಿತು. ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಒಂದೇ ಪ್ರಶ್ನೆ: ಯಾವ ಕಂಪ್ಯೂಟರ್ ತಗೊಳ್ಳಲಿ? ಆಯ್ದ ಕೆಲವಕ್ಕೆ ಇಲ್ಲಿ ಉತ್ತರ ಇದೆ.

ಹೊಸ ಓದುಗರಿಗೆ ಒಂದು ಮಾತು. ನಾನು ಎಂಜಿನಿಯರ್ ಅಲ್ಲ. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಕ್ಯಾಸೆಟ್ ಹೋಯಿತು, ಸಿಡಿ ಬಂತು, ಅದೂ ಹೋಯಿತು. ಈಗ ಕೇಶ್ವಾಪುರದ ನಮ್ಮ ಮನೆಯ ಒಂದು ಕೋಣೆಯಲ್ಲಿ ಭಜನೆ, ವಚನ, ತತ್ವಪದ ರೆಕಾರ್ಡ್ ಮಾಡುತ್ತೇನೆ. ಇಲ್ಲಿ ಬರೆದದ್ದೆಲ್ಲ ಆ ಕೋಣೆಯಲ್ಲಿ ಕಲಿತದ್ದು. ಬಹಳಷ್ಟನ್ನು ದುಡ್ಡು ಕಳೆದುಕೊಂಡು ಕಲಿತಿದ್ದೇನೆ.

ಪ್ರಶ್ನೆ: ಕಾಕಾ, ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ವಚನ, ಭಾವಗೀತೆ ಹಾಡುತ್ತೇನೆ. ನಮ್ಮ ತಂದೆ ಪೇಟಿ (ಹಾರ್ಮೋನಿಯಂ) ನುಡಿಸುತ್ತಾರೆ. ಇಬ್ಬರೂ ಕೂತು ಮನೆಯಲ್ಲೇ ರೆಕಾರ್ಡ್ ಮಾಡಬೇಕೆಂದಿದ್ದೇವೆ. ಕೈಯಲ್ಲಿ ಇರುವುದು 50 ಸಾವಿರ ರೂಪಾಯಿ. ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ "ಆಡಿಯೋ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಮಷೀನೇ ಬೇಕು, 85 ಸಾವಿರ ಆಗುತ್ತದೆ" ಎಂದರು. ನಿಜವಾಗಿ ಅಷ್ಟು ಬೇಕಾ? ಸಾಫ್ಟ್‌ವೇರ್ ಯಾವುದು ಹಾಕಿಸಲಿ?
— ಬೆಟಗೇರಿಯ ಒಬ್ಬ ಅಕ್ಕೋರು

ಉತ್ತರ: ಬೇಡ ಅಕ್ಕೋರೇ. ಗ್ರಾಫಿಕ್ಸ್ ಕಾರ್ಡ್ ಇರುವುದು ಚಿತ್ರ ತೋರಿಸುವುದಕ್ಕೆ. ನಿಮ್ಮ ವಚನಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದು ಬಂದರೆ ಜೊತೆಗೆ ದೊಡ್ಡ ಫ್ಯಾನೂ ಬರುತ್ತದೆ, ಅದರ ಗುಂಯ್ ಸದ್ದು ನೇರ ಮೈಕಿಗೆ ಹೋಗುತ್ತದೆ. ಅಂದರೆ ದುಡ್ಡು ಕೊಟ್ಟು ಗದ್ದಲ ಕೊಂಡ ಹಾಗೆ.

ಮೊದಲು ಲೆಕ್ಕ ನೋಡೋಣ. ಒಂದು ಮೈಕಿನ ದನಿಯನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ (ಅಂದರೆ ಸೆಕೆಂಡಿಗೆ 48 ಸಾವಿರ ಸಲ ಅಳೆದು, ಪ್ರತಿ ಅಳತೆಯನ್ನೂ 24 ಬಿಟ್‌ನಲ್ಲಿ ಬರೆದು) ಹಿಡಿದರೆ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ನಿಮ್ಮದೊಂದು ಮೈಕು, ತಂದೆಯವರ ಪೇಟಿಗೊಂದು. ಎರಡೂ ಸೇರಿ ನಿಮಿಷಕ್ಕೆ 17 ಎಂಬಿ ಚಿಲ್ಲರೆ. ಹತ್ತು ನಿಮಿಷದ ಹಾಡಿಗೆ 175 ಎಂಬಿ ಒಳಗೇ ಮುಗಿಯಿತು. ಇಷ್ಟನ್ನು ಬರೆದಿಡುವುದು ಹತ್ತು ವರ್ಷದ ಹಿಂದಿನ ಕಂಪ್ಯೂಟರಿಗೂ ಕಷ್ಟದ ಕೆಲಸ ಅಲ್ಲ. ಮಷೀನು ಏದುಸಿರು ಬಿಡುವುದು ಬೇರೆ ಕೆಲಸಕ್ಕೆ. ಕಂಪ್ಯೂಟರಿನ ಒಳಗೇ ವಯಲಿನ್ ತಂಡ, ಡ್ರಮ್ಸು, ಕೊಳಲು ಎಲ್ಲ ಕೂರಿಸಿ ನುಡಿಸುವವರು ಇರುತ್ತಾರಲ್ಲ, ಅವರಿಗೆ 16 ಜಿಬಿ, 32 ಜಿಬಿ ರ‍್ಯಾಮ್ ಬೇಕು. ನಿಮ್ಮ ಮನೆಯಲ್ಲಿ ಪೇಟಿಯೂ ಇದೆ, ಅದನ್ನು ನುಡಿಸುವವರೂ ಇದ್ದಾರೆ. ಆ ಭಾರ ಕಂಪ್ಯೂಟರಿನ ಮೇಲೆ ಬೀಳುವುದಿಲ್ಲ.

ಹಾಗಾಗಿ ಕಂಪನಿ ಆಫೀಸುಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಿ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಈ ಸಾಲಿನವು ಗಟ್ಟಿ. ಪ್ರೊಸೆಸರ್ ಇಂಟೆಲ್ ಆದರೆ ಕೋರ್ ಐ5, ಎಂಟನೇ ಜನರೇಶನ್ ಅಥವಾ ಅದರ ಮುಂದಿನದು ಇರಲಿ. ಎಂಟನೆಯದೇ ಏಕೆ ಅಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ಕೂರುವುದು ಎಂಟನೇ ಜನರೇಶನ್ನಿಂದ ಈಚೆಗೆ. ಏಳನೆಯದು ಮೂರು ಸಾವಿರ ಕಡಿಮೆಗೆ ಸಿಗುತ್ತದೆ ಎಂದು ಆಸೆ ಹಚ್ಚುತ್ತಾರೆ. ಆ ಆಸೆಗೆ ಬೀಳಬೇಡಿ. ರ‍್ಯಾಮ್ 8 ಜಿಬಿ ಇದ್ದರೆ ನಡೆಯುತ್ತದೆ, 16 ಇದ್ದರೆ ನಿಶ್ಚಿಂತೆ. ಡಿಸ್ಕ್ ಮಾತ್ರ ಎಸ್‌ಎಸ್‌ಡಿಯೇ ಆಗಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ನಿಧಾನ, ಮೇಲಾಗಿ ಟಿಕ್ ಟಿಕ್ ಅನ್ನುತ್ತದೆ.

ಅಂಗಡಿಯಲ್ಲಿ ಅವಸರ ಮಾಡಬೇಡಿ. ಒಂದು ಪೆನ್ ಡ್ರೈವ್ ಒಯ್ದು ಎಲ್ಲ ಯುಎಸ್‌ಬಿ ಕಿಂಡಿಗೂ ಚುಚ್ಚಿ ನೋಡಿ. ಮುಚ್ಚಳ ನಾಲ್ಕು ಸಲ ತೆರೆದು ಮುಚ್ಚಿ. ಇಪ್ಪತ್ತು ನಿಮಿಷ ಒಂದು ವಿಡಿಯೋ ಹಚ್ಚಿಡಿ, ಆಮೇಲೆ ಕಿವಿ ಹತ್ತಿರ ಒಯ್ದು ಫ್ಯಾನಿನ ಸದ್ದು ಕೇಳಿ. ಅಂಗಡಿಯವನು ನಗುತ್ತಾನೆ, ನಗಲಿ. ಬ್ಯಾಟರಿ ಒಂದು ತಾಸಾದರೂ ತಡೆಯಬೇಕು. ನಮ್ಮ ಕಡೆ ಹಾಡಿನ ಮಧ್ಯ ಕರೆಂಟು ಹೋಗುವುದು ನಿಮಗೂ ಗೊತ್ತಲ್ವಾ? ಡೆಸ್ಕ್‌ಟಾಪ್ ಆದರೆ ಯುಪಿಎಸ್ ಖರ್ಚು ಬೇರೆ. ಅದಕ್ಕೇ ಲ್ಯಾಪ್‌ಟಾಪ್ ಅಂದೆ.

ಇಷ್ಟು 24-25 ಸಾವಿರದ ಒಳಗೆ ಕೂರಿಸಿ. ಉಳಿದ ಅರ್ಧ ದುಡ್ಡಿನಲ್ಲೇ ನಿಜವಾದ ಕೆಲಸ ಇರುವುದು.

ಮೈಕನ್ನು ಲ್ಯಾಪ್‌ಟಾಪಿನ ಸಣ್ಣ ತೂತಿಗೆ ಸಿಕ್ಕಿಸಬೇಡಿ. ನಡುವೆ ಆಡಿಯೋ ಇಂಟರ್‌ಫೇಸ್ ಎಂಬ ಡಬ್ಬಿ ಬೇಕು. ಮೈಕಿನ ದನಿಯನ್ನು ಅಂಕಿಗಳಾಗಿ ಮಾಡಿ ಯುಎಸ್‌ಬಿ ಮೂಲಕ ಕಳಿಸುವುದು ಅದೇ. ನೀವಿಬ್ಬರೂ ಒಟ್ಟಿಗೆ ಹಾಡಿ ನುಡಿಸುವುದರಿಂದ ಎರಡು ಮೈಕ್ ಹಿಡಿಸುವ ಡಬ್ಬಿಯೇ ಬೇಕು. ಬೆರಿಂಜರ್ ಕಂಪನಿಯ ಯುಎಂಸಿ202ಎಚ್‌ಡಿ, ಫೋಕಸ್‌ರೈಟ್‌ನ ಸ್ಕಾರ್ಲೆಟ್ 2ಐ2 ಹೀಗೆ ಎರಡು ಮೈಕಿನವು. ಮೊದಲನೆಯದು ಅಗ್ಗ. ನಿಮ್ಮ ಕೆಲಸಕ್ಕೆ ಸಾಕು. ಒಂದೇ ಮೈಕಿನ ಡಬ್ಬಿ ಇನ್ನೂ ಅಗ್ಗಕ್ಕೆ ಇದೆ ಎಂದು ತಂದರೆ ತಂದೆಯವರ ಪೇಟಿ ಹೊರಗೆ ಉಳಿಯುತ್ತದೆ.

ಮೈಕಿನಲ್ಲಿ ಎರಡು ಜಾತಿ. ಕಂಡೆನ್ಸರ್ ಮೈಕು ಬಹಳ ಸೂಕ್ಷ್ಮ, ಡಬ್ಬಿಯಿಂದ 48 ವೋಲ್ಟ್ ಕೊಡಬೇಕು. ಒಳ್ಳೆಯ ಕೋಣೆಯಲ್ಲಿ ಅದರಷ್ಟು ಚೆಂದ ಯಾವುದೂ ಇಲ್ಲ. ಆದರೆ ನಮ್ಮ ಮನೆಗಳಲ್ಲಿ ಅದು ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಪ್ರೀತಿಯಿಂದ ಎತ್ತಿಕೊಳ್ಳುತ್ತದೆ. ಡೈನಾಮಿಕ್ ಮೈಕಿಗೆ ಕಿವಿ ಸ್ವಲ್ಪ ಮಂದ. ಬಾಯಿ ಹತ್ತಿರ ಇದ್ದದ್ದನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಶೂರ್ ಕಂಪನಿಯ ಎಸ್‌ಎಂ58 ಎಂಬ ಗುಂಡು ಜಾಳಿಗೆಯ ಮೈಕನ್ನು ಎಲ್ಲ ಸ್ಟೇಜುಗಳ ಮೇಲೆ ನೋಡಿರುತ್ತೀರಿ. 1966ರಿಂದ ಬರುತ್ತಿದೆ. ನಿಮ್ಮ ಬಜೆಟ್ಟಿನಲ್ಲಿ ಅಂಥವು ಎರಡು ಬರಲಾರವು. ಅದೇ ಜಾತಿಯ ಕಡಿಮೆ ಬೆಲೆಯವು ಎರಡು ತಗೊಳ್ಳಿ. ಕಿವಿ ಪೂರ್ತಿ ಮುಚ್ಚುವ ವೈರಿನ ಹೆಡ್‌ಫೋನ್ ಒಂದು, ಸ್ಟ್ಯಾಂಡ್ ಎರಡು, ಕೇಬಲ್ ಎರಡು. ನನ್ನ ಅಂದಾಜಿನಲ್ಲಿ 47-48 ಸಾವಿರಕ್ಕೆ ಬಂದು ನಿಲ್ಲುತ್ತದೆ.

ಇನ್ನು ಕೋಣೆ. ಇದಕ್ಕೆ ದುಡ್ಡೇ ಬೇಕಾಗಿಲ್ಲ, ಆದರೂ ಯಾರೂ ಇದರ ಬಗ್ಗೆ ಕೇಳುವುದಿಲ್ಲ.

ಕೋಣೆ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಹಿಂದೆಯೇ "ಟಿಂಯ್" ಎಂದು ಬಾಲ ಬಂದರೆ ಆ ಬಾಲ ನಿಮ್ಮ ಪ್ರತಿ ಅಕ್ಷರಕ್ಕೂ ಅಂಟಿಕೊಳ್ಳುತ್ತದೆ. ಹೊಸ ಆರ್‌ಸಿಸಿ ಮನೆ, ಟೈಲ್ಸ್ ನೆಲ, ಖಾಲಿ ಗೋಡೆ ಇದ್ದಲ್ಲಿ ಹೀಗಾಗುವುದು ಜಾಸ್ತಿ. ಹಳೆಯ ಮಣ್ಣಿನ ಗೋಡೆಯ, ಕಟ್ಟಿಗೆ ಜಂತಿಯ ಮನೆ ನಿಮ್ಮದಾದರೆ ನೀವು ಪುಣ್ಯವಂತರು. ಮುಟ್ಟಬೇಡಿ, ಅಲ್ಲೇ ಹಾಡಿ. ಇಲ್ಲದಿದ್ದರೆ ಮನೆಯಲ್ಲಿ ಅವ್ವ ಹೊಲಿದ ಕೌದಿ ಇರುತ್ತದಲ್ಲ, ಏಳೆಂಟು ಪದರಿನದು, ಅದನ್ನು ಹೊರಗೆ ತೆಗೆಯಿರಿ. ನಿಮ್ಮ ಬೆನ್ನ ಹಿಂದೆ ಒಂದು ಹಗ್ಗ ಕಟ್ಟಿ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿ. ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಮೂಲೆಯಲ್ಲಿ ಅರಳೆ ಗಾದಿ ಎರಡು ನಿಲ್ಲಿಸಿ. ನೆಲಕ್ಕೆ ಜಮಖಾನ ಹಾಸಿ, ನವಲಗುಂದದ್ದು ಇದ್ದರೆ ಕೇಳುವುದೇ ಬೇಡ. ನಮ್ಮ ಕೋಣೆಯಲ್ಲಿ ನಾಲ್ಕು ಕೌದಿ ತೂಗುತ್ತವೆ. ಒಂದು ನನ್ನ ಅತ್ತೆಯವರು ಹೊಲಿದದ್ದು. ಬೆಂಗಳೂರಿನಿಂದ ಬಂದವರೊಬ್ಬರು ಅದನ್ನು ನೋಡಿ ಅಲಂಕಾರ ಅಂದುಕೊಂಡು ಫೋಟೋ ತೆಗೆದುಕೊಂಡರು.

ಮೊಟ್ಟೆ ಟ್ರೇ ಮಾತ್ರ ಅಂಟಿಸಬೇಡಿ. ಅದು ಹೆಸರಿಗೆ ಸ್ಟುಡಿಯೋ. ತೆಳು ರಟ್ಟು ದನಿಯನ್ನು ಹೀರುವುದು ಬಹಳ ಕಡಿಮೆ. ಜಿರಲೆ ಮಾತ್ರ ತಪ್ಪದೆ ಬರುತ್ತವೆ.

ಕೂರುವುದು ಹೀಗೆ. ನಿಮ್ಮ ಮೈಕಿಗೂ ಬಾಯಿಗೂ ಅರ್ಧ ಗೇಣು. ತಂದೆಯವರು ನಿಮ್ಮ ಎದುರಿಗೆ. ಆಗ ನಿಮ್ಮ ಮೈಕಿನ ಬೆನ್ನು ಪೇಟಿಯ ಕಡೆ ಬರುತ್ತದೆ. ಈ ಮೈಕುಗಳು ಮುಂದಿನದನ್ನು ಹಿಡಿದು ಹಿಂದಿನದನ್ನು ಬಿಡುವಂತೆ ಮಾಡಿದವು. ಪೇಟಿಯ ಮೈಕನ್ನು ಮೇಲಿನ ಹಲಗೆಯಿಂದ ಒಂದೂವರೆ ಗೇಣು ಎತ್ತರಕ್ಕೆ ಇಡಿ, ಗಾಳಿ ಹಾಕುವ ಕಡೆಯಿಂದ ದೂರ. ಇನ್ನೊಂದು, ಹಳೆಯ ಪೇಟಿಯ ಸ್ವರ ವರ್ಷಗಳಲ್ಲಿ ಸ್ವಲ್ಪ ಸರಿದಿರುತ್ತದೆ. ನೀವು ಕರಿ ಒಂದು (ಮೊದಲ ಕರಿ ಮನೆಯ ಶ್ರುತಿ) ಅಂದುಕೊಂಡದ್ದು ಮೊಬೈಲ್ ತಂಬೂರಿಯ ಕರಿ ಒಂದಕ್ಕೆ ಕೂಡದೇ ಇರಬಹುದು. ಪೇಟಿಯನ್ನು ಬದಲಿಸಲಾಗದು. ತಂಬೂರಿ ಆ್ಯಪನ್ನೇ ಪೇಟಿಗೆ ಹೊಂದಿಸಿಕೊಳ್ಳಿ.

ಸಾಫ್ಟ್‌ವೇರಿಗೆ ಬರೋಣ. ಮೊದಲ ತಿಂಗಳು ಆಡಾಸಿಟಿ ಹಾಕಿಕೊಳ್ಳಿ. ಪೂರ್ತಿ ಬಿಟ್ಟಿ, ಕಾನೂನಿನ ಪ್ರಕಾರವೇ ಬಿಟ್ಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಬ್ಬರು 1999ರಲ್ಲಿ ಶುರುಮಾಡಿದ್ದು. ಹಾಡಿ, ಕೇಳಿ, ಬೇಡವಾದದ್ದು ಕತ್ತರಿಸಿ, ಎಂಪಿ3 ಮಾಡಿ ಕಳಿಸುವುದಕ್ಕೆ ಅದು ಸಾಕು. ಆಮೇಲೆ ಪದರು ಪದರಾಗಿ ಕೂರಿಸುವ ಆಸೆ ಬರುತ್ತದೆ. ಒಂದು ಸಾಲು ಮಾತ್ರ ಮತ್ತೆ ಹಾಡಬೇಕು, ತಬಲಾ ಆಮೇಲೆ ಸೇರಿಸಬೇಕು ಅನ್ನಿಸುತ್ತದೆ. ಆಗ ರೀಪರ್ ಇಳಿಸಿಕೊಳ್ಳಿ. ನಾನು ವರ್ಷಗಳಿಂದ ಅದರಲ್ಲೇ ಇದ್ದೇನೆ. 60 ದಿನ ಎಲ್ಲ ಸೌಲಭ್ಯದೊಂದಿಗೆ ಬಿಟ್ಟಿ ಬಳಸಬಹುದು. ಆಮೇಲೆ ಮನೆ ಬಳಕೆಯವರಿಗೆ ಲೈಸೆನ್ಸ್ 60 ಡಾಲರ್, ನಮ್ಮ ಲೆಕ್ಕದಲ್ಲಿ ಐದು ಸಾವಿರ ಚಿಲ್ಲರೆ. ತಿಂಗಳ ಬಾಡಿಗೆ ಇಲ್ಲ. ಬಹಳ ಹಗುರ, ಹಳೆಯ ಮಷೀನಿನಲ್ಲೂ ಓಡುತ್ತದೆ. ಇದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಹಿಂದೆ ಕಂಪ್ಯೂಟರಿನಲ್ಲಿ ಎಂಪಿ3 ಹಾಡು ಕೇಳುವ ವಿನ್ಯಾಂಪ್ ಮಾಡಿದವರು. ಇಂಟರ್‌ನೆಟ್ ಕೆಫೆ ಕಾಲದವರಿಗೆ ವಿನ್ಯಾಂಪ್ ನೆನಪಿರಬೇಕು. ನನ್ನ ಕ್ಯಾಸೆಟ್ ಅಂಗಡಿಯನ್ನು ಮುಚ್ಚಿಸಿದ್ದರಲ್ಲಿ ಅದಕ್ಕೂ ಒಂದು ಪಾಲಿದೆ. ಈಗ ಅದೇ ಮನುಷ್ಯನ ಸಾಫ್ಟ್‌ವೇರಿನಿಂದ ಹೊಟ್ಟೆ ಹೊರೆಯುತ್ತಿದ್ದೇನೆ, ಏನು ಹೇಳುವುದು.

ಟ್ರ್ಯಾಕು ಎಷ್ಟು ಬೇಕಾದರೂ ಹಾಕಬಹುದು ಎಂದು ನಲವತ್ತು ಸಲ ಹಾಡಬೇಡಿ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ ಅವರ ಕಾಲದ 78 ವೇಗದ ಗ್ರಾಮಫೋನ್ ತಟ್ಟೆಗಳಲ್ಲಿ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಜಾಗ. ಕತ್ತರಿಸಿ ಜೋಡಿಸುವ ಮಾತೇ ಇರಲಿಲ್ಲ. ನಮ್ಮಲ್ಲಿ ಬರುವವರಿಗೆ ನಾನು ಮೂರು ಟೇಕು ಕೊಡುತ್ತೇನೆ. ಸಾಮಾನ್ಯವಾಗಿ ಎರಡನೆಯದೇ ಚೆನ್ನಾಗಿರುತ್ತದೆ.

ಪ್ರಶ್ನೆ: ನಮ್ಮದು ಎಂಟು ಜನರ ಭಜನಾ ಮೇಳ. ಪೇಟಿ, ತಬಲಾ, ದಮ್ಮಡಿ, ತಾಳ ಇವೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ತಾಳದ ಸದ್ದು ಒಡೆದು ಬರುತ್ತದೆ, ಹಾಡು ಕೇಳುವುದೇ ಇಲ್ಲ. ಎಂಟು ಮೈಕಿನ ಮಷೀನು ತಗೊಳ್ಳಬೇಕಾ?
— ಸವಣೂರು ತಾಲೂಕಿನ ಒಂದು ಭಜನಾ ಮೇಳ, ಹಾವೇರಿ ಜಿಲ್ಲೆ

ಉತ್ತರ: ಎಂಟು ಮೈಕ್ ತಂದರೆ ಎಂಟು ಸ್ಟ್ಯಾಂಡು, ಎಂಟು ಕೇಬಲ್ಲು, ಆಮೇಲೆ ಎಂಟು ಜನರಿಂದಲೂ "ನನ್ನದು ಸಣ್ಣಗೆ ಕೇಳುತ್ತದೆ" ಎಂಬ ತಕರಾರು. ಬೇಡ.

ನಿಮ್ಮ ತೊಂದರೆ ಮೈಕಿನದಲ್ಲ, ಕೂರುವ ಜಾಗದ್ದು. ಮೇಳದವರು ದೇವರ ಮುಂದೆ ಕೂರುವ ಹಾಗೆ ಸಾಲಾಗಿ ಕೂತು, ಮೊಬೈಲನ್ನು ತಾಳದವರ ಮುಂದೆ ಇಟ್ಟಿರುತ್ತೀರಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದಿನ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಇಳಿಕೆ ಸ್ವಲ್ಪ ಕಡಿಮೆ, ಲೆಕ್ಕ ಮಾತ್ರ ಅದೇ. ಅಂದರೆ ನಿಮ್ಮ ಕೈಯಲ್ಲಿ ಬಿಟ್ಟಿ ಮಿಕ್ಸರ್ ಇದೆ. ಮೈಕಿಗೆ ಹತ್ತಿರ ಮುಖ್ಯ ಹಾಡುಗಾರರು, ಎರಡು ಮೊಳದ ಮೇಲೆ. ಅವರ ಪಕ್ಕ ಪೇಟಿ. ಹಿಂದೆ ಹಿಮ್ಮೇಳದವರು. ತಬಲಾ, ದಮ್ಮಡಿ ಇನ್ನೂ ಹಿಂದೆ. ತಾಳದವರು ಎಲ್ಲರಿಗಿಂತ ಹಿಂದೆ, ಆದರೆ ಬಾಗಿಲಿನಿಂದ ಹೊರಗೆ ಕಳಿಸಬೇಡಿ, ಸಿಟ್ಟಾಗುತ್ತಾರೆ. ಒಂದು ನಿಮಿಷ ಹಾಡಿ, ಕೇಳಿ. ಯಾರ ಸದ್ದು ಜಾಸ್ತಿಯೋ ಅವರು ಒಂದು ಮೊಳ ಹಿಂದೆ ಸರಿಯಲಿ. ಹೀಗೆ ಐದಾರು ಸಲ ಸರಿದಾಡಿದರೆ ಸರಿಹೋಗುತ್ತದೆ. ಒಂದೇ ಮೈಕಿನ ಕಾಲದಲ್ಲಿ ದೊಡ್ಡ ದೊಡ್ಡ ತಂಡಗಳನ್ನೂ ಹೀಗೇ ಹಿಡಿಯುತ್ತಿದ್ದರು.

ದುಡ್ಡು ಹಾಕುವುದಾದರೆ ಕೈಯಲ್ಲಿ ಹಿಡಿಯುವ ಸ್ಟೀರಿಯೋ ರೆಕಾರ್ಡರ್ ಒಂದು ತಗೊಳ್ಳಿ. ಜೂಮ್, ಟ್ಯಾಸ್ಕಮ್ ಕಂಪನಿಗಳವು ಸಿಗುತ್ತವೆ. ಕಂಪ್ಯೂಟರೇ ಬೇಡ, ಸೆಲ್ ಹಾಕಿ ಗುಡಿಗೆ ಒಯ್ಯಬಹುದು. ಅದರಲ್ಲಿ ಮಟ್ಟದ ಮುಳ್ಳು ಅಥವಾ ಪಟ್ಟಿ ಇರುತ್ತದೆ. ಭಜನೆ ಏರಿದಾಗಲೂ ಅದು ಮೈನಸ್ 10 ಡೆಸಿಬಲ್ಲಿನ ಆಸುಪಾಸು ನಿಲ್ಲಬೇಕು. ಸೊನ್ನೆಗೆ ಬಡಿದರೆ ಸದ್ದು ಒಡೆಯಿತು ಅಂತಲೇ ಲೆಕ್ಕ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿಮಾಡುವುದಿಲ್ಲ. ಕಡಿಮೆ ಇದ್ದರೆ ಚಿಂತೆ ಇಲ್ಲ, ಏರಿಸಿಕೊಳ್ಳಬಹುದು. ನೆನಪಿಡಿ, ಶುರುವಿನಲ್ಲಿ ಮಟ್ಟ ನೋಡಿ ಬಿಟ್ಟರೆ ಆಗದು. ಭಜನೆಯ ಕೊನೆಯ ಐದು ನಿಮಿಷ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಆ ವೇಗದಲ್ಲಿ ಒಮ್ಮೆ ಹಾಡಿಸಿ, ಅದಕ್ಕೆ ಮಟ್ಟ ಇಡಿ.

ಪ್ರಶ್ನೆ: ಅಂಕಲ್, ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಗಿಟಾರ್ ಹಿಡಿದು ಹಾಡಿದರೆ ಹೆಡ್‌ಫೋನಿನಲ್ಲಿ ನನ್ನದೇ ದನಿ ತಡವಾಗಿ ಬರುತ್ತದೆ. ತಲೆ ಕೆಡುತ್ತದೆ. ಲ್ಯಾಪ್‌ಟಾಪ್ ಹೊಸದು, 16 ಜಿಬಿ. ಇನ್ನೂ ಒಳ್ಳೆಯ ಪ್ರೊಸೆಸರ್ ಬೇಕಿತ್ತಾ?
— ಸಪ್ತಾಪುರ, ಧಾರವಾಡ

ಉತ್ತರ: ತಮ್ಮಾ, ಒಂದು ಮಾತು ಪತ್ರದಲ್ಲಿ ಬರೆದಿಲ್ಲ. ನಿನ್ನ ಹೆಡ್‌ಫೋನ್ ಬ್ಲೂಟೂತ್ ಹೌದೋ ಅಲ್ವೋ? ಹೌದಾದರೆ ಉತ್ತರ ಇಲ್ಲಿಗೇ ಮುಗಿಯಿತು. ಬ್ಲೂಟೂತ್‌ನಲ್ಲಿ ದನಿ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ತಡವಾಗುವುದು ಮಾಮೂಲು. ಹಾಡು ಕೇಳಲು ಅಡ್ಡಿ ಇಲ್ಲ, ರೆಕಾರ್ಡಿಂಗಿಗೆ ಬರುವುದಿಲ್ಲ. ವೈರಿನದು ಹಾಕು.

ವೈರಿನದೇ ಆಗಿದ್ದರೆ ಬಫರ್ ನೋಡು. ಕಂಪ್ಯೂಟರ್ ದನಿಯನ್ನು ಹನಿ ಹನಿಯಾಗಿ ದಾಟಿಸುವುದಿಲ್ಲ, ಕೊಡ ತುಂಬಿಸಿ ದಾಟಿಸುತ್ತದೆ. ಆ ಕೊಡವೇ ಬಫರ್. ಕೊಡ ದೊಡ್ಡದಾದರೆ ತುಂಬಲು ಹೊತ್ತು ಹಿಡಿಯುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 1024 ಅಳತೆ ಹಿಡಿಸುವ ಬಫರ್ ಅಂದರೆ 21 ಮಿಲಿಸೆಕೆಂಡ್, ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ. 128 ಇಟ್ಟರೆ 2.7 ಮಾತ್ರ. ಆದರೆ ಕೊಡ ತೀರಾ ಸಣ್ಣದಾದರೆ ಕಂಪ್ಯೂಟರ್ ಓಡಾಡಿ ಸುಸ್ತಾಗಿ ಪಟ್ ಪಟ್ ಎಂದು ಸದ್ದು ಬರುತ್ತದೆ. ಹಾಡುವಾಗ 128 ಅಥವಾ 256, ಆಮೇಲೆ ಕೂತು ಮಿಕ್ಸ್ ಮಾಡುವಾಗ 1024. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯ ಎಎಸ್‌ಐಒ ಡ್ರೈವರ್ (ದನಿಯನ್ನು ಬೇಗ ದಾಟಿಸುವ ಸಣ್ಣ ಸಾಫ್ಟ್‌ವೇರ್) ಹಾಕಿದ್ದೀಯಾ ನೋಡು. ಅದಿಲ್ಲದೆ ಬಫರ್ ಎಷ್ಟು ಇಳಿಸಿದರೂ ಸುಮ್ನೆ. ಕಂಪನಿ ಡ್ರೈವರ್ ಕೊಡದ ಅಗ್ಗದ ಡಬ್ಬಿಗಳಿಗೆ ಏಸಿಯೋ4ಆಲ್ ಎಂಬ ಬಿಟ್ಟಿ ಡ್ರೈವರ್ ಇದೆ.

ಸೊನ್ನೆ ಮಾಡಬೇಕೆಂದು ಹಟ ಹಿಡಿಯಬೇಡ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಬೈಠಕ್‌ನಲ್ಲಿ ಗಾಯಕರಿಂದ ಒಂದೂವರೆ ಮೀಟರ್ ದೂರ ಕೂತ ತಬಲಜಿಗೆ ಅವರ ದನಿ ನಾಲ್ಕು ಮಿಲಿಸೆಕೆಂಡ್ ತಡವಾಗಿಯೇ ಕೇಳುತ್ತದೆ. ಯಾರಾದರೂ ಸಮ್ (ತಾಳದ ಮೊದಲ ಏಟು) ತಪ್ಪಿದ್ದು ಅದರಿಂದ ಎಂದು ಹೇಳಿದ್ದನ್ನು ಕೇಳಿದ್ದೀಯಾ?

ಇದೆಲ್ಲ ಕಿರಿಕಿರಿ ಬೇಡ ಅಂದರೆ ನಿನ್ನ ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದೆಯಾ ಹುಡುಕು. ಒತ್ತಿದರೆ ನಿನ್ನ ದನಿ ಕಂಪ್ಯೂಟರಿಗೆ ಹೋಗದೆ ಡಬ್ಬಿಯಿಂದಲೇ ಕಿವಿಗೆ ಬರುತ್ತದೆ. ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಬಂದ್ ಮಾಡು, ಇಲ್ಲದಿದ್ದರೆ ಎರಡೆರಡು ಕೇಳುತ್ತದೆ. ಪ್ರೊಸೆಸರ್ ದುಡ್ಡು ಉಳಿಯಿತು. ಲೈನ್ ಬಜಾರಿನಲ್ಲಿ ಪೇಡಾ ತಿನ್ನು.

ಪ್ರಶ್ನೆ: ಗೆಳೆಯರೊಬ್ಬರು ಲಕ್ಷ ರೂಪಾಯಿ ಬೆಲೆಯ ಸಾಫ್ಟ್‌ವೇರ್, ಅದಕ್ಕೆ ಸೇರಿಸುವ ಪ್ಲಗಿನ್ ಎಲ್ಲ ಒಂದು ಪೆನ್ ಡ್ರೈವಿನಲ್ಲಿ ಬಿಟ್ಟಿ ಕೊಡುತ್ತೇನೆ ಎನ್ನುತ್ತಾರೆ. ಹಾಕಿಕೊಳ್ಳಬಹುದಾ?
— ಗದಗ

ಉತ್ತರ: ನಾನು ಹಾಕಿಕೊಂಡಿದ್ದೆ. ಅದನ್ನೇ ಹೇಳುತ್ತೇನೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಕುಂದಗೋಳ ಕಡೆಯ ಒಬ್ಬ ಅಜ್ಜ ಬಂದರು. ಏಕತಾರಿ ಹಿಡಿದು ತತ್ವಪದ ಹಾಡುವವರು. ಎರಡು ಮಧ್ಯಾಹ್ನ ಕೂತು ಮೂವತ್ತೆಂಟು ಪದ ಹಾಡಿದರು. ನಡುವೆ ಎಲೆ ಅಡಿಕೆ, ಅಷ್ಟೇ. ಕೆಲವು ಪದ ನಾನು ಬೇರೆ ಎಲ್ಲೂ ಕೇಳಿರಲಿಲ್ಲ. ಅದೇ ವಾರ ಪರಿಚಯದವನೊಬ್ಬ ಹೀಗೇ ಒಂದು ಪೆನ್ ಡ್ರೈವ್ ತಂದ. ಗದ್ದಲ ತೆಗೆಯುವ ದುಬಾರಿ ಪ್ಲಗಿನ್ ಅದರಲ್ಲಿತ್ತು, ಬೀಗ ಒಡೆದದ್ದು. ಹಾಕಬೇಕಾದರೆ ಆಂಟಿವೈರಸ್ ಬಂದ್ ಮಾಡಬೇಕು ಎಂದ. ಮಾಡಿದೆ. ನಾಲ್ಕನೇ ದಿನ ಮಷೀನು ತೆರೆಯಲಿಲ್ಲ. ರಿಪೇರಿಯವರು ಎರಡು ವಾರ ಇಟ್ಟುಕೊಂಡು ಮೂರು ಪದ ತೆಗೆದುಕೊಟ್ಟರು. ಮೂವತ್ತೈದು ಹೋದವು.

ಮತ್ತೆ ಕರೆಸಿ ಹಾಡಿಸೋಣ ಎಂದುಕೊಳ್ಳುತ್ತಲೇ ವರ್ಷ ಕಳೆಯಿತು. ಒಂದು ದಿನ ಅಜ್ಜನ ಮಗ ಬಂದ. ಅಪ್ಪ ತೀರಿಕೊಂಡರು, ರೆಕಾರ್ಡ್ ಮಾಡಿದ್ದಿರಂತೆ, ಕೊಡಿ ಎಂದ. ಮೂರು ಪದದ ಸಿಡಿ ಕೊಟ್ಟೆ. "ಉಳಿದದ್ದು?" ಎಂದ.

ಅದಾದ ಮೇಲೆ ನನ್ನ ಮಷೀನಿನಲ್ಲಿ ಇರುವುದೆಲ್ಲ ಬಿಟ್ಟಿಯವು ಅಥವಾ ದುಡ್ಡು ಕೊಟ್ಟವು. ರೀಪರ್ ಜೊತೆಗೇ ಬರುವ, ದನಿಯ ದಪ್ಪ-ತೆಳು ಹೊಂದಿಸುವ ಈಕ್ಯೂ, ಏರಿಳಿತ ತಗ್ಗಿಸುವ ಕಂಪ್ರೆಸರ್, ಗದ್ದಲ ತಗ್ಗಿಸುವ ಪ್ಲಗಿನ್ನುಗಳಲ್ಲೇ ನನ್ನ ಬಹುಪಾಲು ಕೆಲಸ ನಡೆಯುತ್ತದೆ. ಇನ್ನೊಂದು ರೂಢಿ ಮಾಡಿಕೊಂಡೆ. ಹಾಡಿದವರು ಮನೆ ಬಿಟ್ಟು ಹೋಗುವ ಮೊದಲೇ ಒಂದು ಪ್ರತಿ ಹೊರಗಿನ ಡಿಸ್ಕಿಗೆ, ಒಂದು ಪ್ರತಿ ಅವರ ಪೆನ್ ಡ್ರೈವಿಗೆ. ವಾರಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ಹಾಕಿ ವಿದ್ಯಾನಗರದ ಮಗಳ ಮನೆಯಲ್ಲಿ ಇಡುತ್ತೇನೆ. ನೀವೂ ಹಾಗೆ ಮಾಡಿ. ಪೆನ್ ಡ್ರೈವ್ ಗೆಳೆಯರಿಗೆ ಚಹಾ ಕುಡಿಸಿ ಕಳಿಸಿ.

ಪ್ರಶ್ನೆ: ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದ ಕೂಡಲೇ ರೆಕಾರ್ಡಿಂಗಿನಲ್ಲಿ ಜುಂಯ್ ಎನ್ನುವ ಸದ್ದು. ಮೈಕ್ ಕೆಟ್ಟಿದೆಯಾ?
— ರಾಣೆಬೆನ್ನೂರು

ಉತ್ತರ: ಚಾರ್ಜರ್ ತೆಗೆದಾಗ ಸದ್ದು ನಿಂತರೆ ಮೈಕಿನ ತಪ್ಪಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ, ಅದೂ ಚಾರ್ಜರಿನ ಕೊಳೆಯೂ ಸೇರಿ ಒಳಗೆ ಬರುತ್ತಿದೆ. ಬಹಳ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದ್ದೇ ಕಾರಣ. ಸದ್ಯಕ್ಕೆ ಬ್ಯಾಟರಿ ಮೇಲೆ ಹಾಡಿ. ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲವನ್ನೂ ಒಂದೇ ಬೋರ್ಡಿನಿಂದ ತಗೊಳ್ಳಿ. ಸದ್ದು ನಿಲ್ಲುತ್ತದೆಂದು ಮೂರು ಪಿನ್ನಿನ ದೊಡ್ಡ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ ಪಿನ್ನು ಇರುವುದು ನಿಮ್ಮ ಜೀವಕ್ಕೆ.

ಪ್ರಶ್ನೆ: ಆಪಲ್ ಕಂಪನಿಯ ಮ್ಯಾಕ್ ತಗೊಂಡರೆ ಹೇಗೆ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದುಡ್ಡಿದ್ದರೆ ಚೆನ್ನಾಗಿರುತ್ತದೆ. ಗ್ಯಾರೇಜ್‌ಬ್ಯಾಂಡ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಿಟ್ಟಿ ಬರುತ್ತದೆ, ಬೇರೆ ಡ್ರೈವರಿನ ಗೋಜು ಕಡಿಮೆ. 2020ರ ಎಂ1 ಚಿಪ್ಪಿನದು ಹಳೆಯದು ಸಿಕ್ಕರೂ ಸಾಕು. ರ‍್ಯಾಮ್ ಆಮೇಲೆ ಹೆಚ್ಚಿಸಲಾಗದು, ಕೊಳ್ಳುವಾಗಲೇ ನೋಡಿಕೊಳ್ಳಿ.

ಪ್ರಶ್ನೆ: ಮನೆ ಪಕ್ಕ ರಸ್ತೆ. ಬಸ್ಸು, ಹಾರ್ನು, ನಾಯಿ. ಯಾವ ಹೊತ್ತಿನಲ್ಲಿ ರೆಕಾರ್ಡ್ ಮಾಡಬೇಕು?
— ಹಾವೇರಿ

ಉತ್ತರ: ನಮ್ಮ ಮನೆ ರೈಲು ಹಳಿಗೆ ಹತ್ತಿರ. ಗೂಡ್ಸ್ ಬಂದರೆ ಕಿಟಕಿ ಗಾಜೂ ಹಾಡುತ್ತದೆ. ಹಾಗಾಗಿ ನಾನು ಒಂದು ವಾರ ಗಡಿಯಾರ ಹಿಡಿದು ಕೂತು ಯಾವಾಗ ಎಷ್ಟು ಹೊತ್ತು ಗದ್ದಲ ಇರುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ನೀವೂ ಬರೆಯಿರಿ. ನಮ್ಮಲ್ಲಿ ಮಧ್ಯಾಹ್ನ ಊಟದ ನಂತರ ಒಂದು ತಾಸು ಚೆನ್ನಾಗಿದೆ, ರಾತ್ರಿ ಹನ್ನೊಂದರ ಮೇಲೆ ಇನ್ನೂ ಚೆನ್ನ. ರಸ್ತೆ ಕಡೆಯ ಕೋಣೆ ಬಿಟ್ಟು ಒಳಗಿನ ಕೋಣೆಗೆ ಹೋಗಿ. ಬೆನ್ನು ಗೋಡೆಗೆ, ಮುಖ ರಸ್ತೆ ಕಡೆಗೆ ಇರಲಿ. ಆಗ ಮೈಕಿನ ಬೆನ್ನು ರಸ್ತೆಗೆ ಆಗುತ್ತದೆ. ಬೆನ್ನ ಹಿಂದಿನ ಗೋಡೆಗೆ ಕೌದಿ ಮರೆಯಬೇಡಿ.

ಸೀಲಿಂಗ್ ಫ್ಯಾನ್ ಆರಿಸಲೇಬೇಕು. ಏಪ್ರಿಲ್‌ನಲ್ಲಿ ಒಂದು ಟೇಕು, ಐದು ನಿಮಿಷ ಫ್ಯಾನು, ಮತ್ತೆ ಒಂದು ಟೇಕು. ಫ್ರಿಜ್ ಕೂಡ ಆರಿಸಿ. ಅದು ಸುಮ್ಮನಿದ್ದು ಸುಮ್ಮನಿದ್ದು ಹಾಡಿನ ನಡುವೆ ಗುರ್ ಅನ್ನುತ್ತದೆ. ಒಮ್ಮೆ ಆರಿಸಿದವನು ಹಚ್ಚಲು ಮರೆತೆ. ಎರಡು ಲೀಟರ್ ಹಾಲು ಒಡೆಯಿತು, ಮರುದಿನ ಮನೆಯಲ್ಲಿ ಹಬ್ಬ ಬೇರೆ. ಅಂದಿನಿಂದ ಫ್ರಿಜ್ ಆರಿಸಿದ ಕೂಡಲೇ ನನ್ನ ಮೊಬೈಲನ್ನು ಅದರೊಳಗೆ ಇಡುತ್ತೇನೆ. ಕೆಲಸ ಮುಗಿದ ಮೇಲೆ ಮೊಬೈಲ್ ಹುಡುಕದೇ ಇರುವುದಿಲ್ಲ, ಹುಡುಕಿದಾಗ ಫ್ರಿಜ್ ನೆನಪಾಗುತ್ತದೆ. ಟೇಕಿನ ಮಧ್ಯ ರಿಂಗಾಗುವುದೂ ತಪ್ಪಿತು. ಮನೆಯವಳು ಈಗ ಬೆಣ್ಣೆ ಡಬ್ಬಿಯ ಪಕ್ಕ ಅದಕ್ಕೊಂದು ಜಾಗ ಮಾಡಿಕೊಟ್ಟಿದ್ದಾಳೆ.